ಟ್ಯಾಂಕ್ ಏರಿ ಬಂದ ಮಾರುಕಟ್ಟೆ

ಫೋನ್-ಇನ್ ಕಾರ್ಯಕ್ರಮ ನಡೆಸಿದ ಯಾವ ಆಂಕರ್‌ನ ಬೇಕಾದರೂ ಕೇಳಿ ನೋಡಿ, ಈ ಮಾತು ಕೇಳದವರು ಸಿಗಲ್ಲ. ‘ಸರ್, ಈ ದೇಶಕ್ಕೆ ಒಂದು ಐದು ವರ್ಷ ಡಿಕ್ಟೇಟರ್ ಬರ್ಬೇಕು ಸರ್. ಎಲ್ಲಾ ತಾನಾಗೇ ಸರಿಹೋಗುತ್ತೆ.’ ಚರ್ಚೆ ಈರುಳ್ಳಿ ಬೆಲೆಯದ್ದಿರಲಿ, ರಸ್ತೆ ಗುಂಡಿಯದ್ದಿರಲಿ, ಒಬ್ಬರಾದರೂ ಲೈನ್‌ಗೆ ಬಂದು ಇದನ್ನ ಹೇಳಿಯೇ ಫೋನ್ ಇಡ್ತಾರೆ. ಉದಾಹರಣೆಯೂ ರೆಡಿ ಇರುತ್ತೆ: ಸಿಂಗಾಪುರ ನೋಡಿ ಸರ್, ಚೀನಾ ನೋಡಿ ಸರ್.

ಸ್ಟುಡಿಯೋಗೆ ಬರುವ ಪ್ಯಾನಲಿಸ್ಟ್‌ಗಳದ್ದು ಇನ್ನೊಂದು ವಾದ. ಮಾರುಕಟ್ಟೆ ಮುಕ್ತವಾದರೆ ಪ್ರಜಾಪ್ರಭುತ್ವ ಹಿಂದೆಯೇ ಬರುತ್ತೆ, ಸಮಾಜವಾದ ಬಂದರೆ ಸರ್ವಾಧಿಕಾರ ಕಟ್ಟಿಟ್ಟ ಬುತ್ತಿ ಅಂತ. ಬಂಡವಾಳಶಾಹಿ ಅಂದ್ರೆ ಸ್ವಾತಂತ್ರ್ಯ, ಸಮಾಜವಾದ ಅಂದ್ರೆ ಬಂದೂಕು. ಕೇಳೋಕೆ ಎಷ್ಟು ಸಲೀಸು ಅಲ್ವಾ?

ಈ ಎರಡೂ ವಾದವನ್ನ ಪರೀಕ್ಷೆ ಮಾಡೋಕೆ ಒಂದೇ ಒಂದು ದೇಶ ಸಾಕು. ದಕ್ಷಿಣ ಅಮೆರಿಕದ ಪಶ್ಚಿಮದ ಅಂಚಿನಲ್ಲಿ 4,300 ಕಿಲೋಮೀಟರ್ ಉದ್ದಕ್ಕೆ, ಹಗ್ಗ ಎಳೆದ ಹಾಗೆ ಬಿದ್ದಿರುವ ಚಿಲಿ. 1970ರಲ್ಲಿ ಅಲ್ಲಿ ಇದ್ದದ್ದು ಒಂದು ಕೋಟಿಗಿಂತ ಕಡಿಮೆ ಜನ. ಈ ದೇಶದಲ್ಲಿ ಸಮಾಜವಾದ ಮತಪೆಟ್ಟಿಗೆಯಿಂದ ಬಂತು. ಮುಕ್ತ ಮಾರುಕಟ್ಟೆ ಟ್ಯಾಂಕ್ ಮೇಲೆ ಕೂತು ಬಂತು. ಪಠ್ಯಪುಸ್ತಕದಲ್ಲಿ ಹೇಳೋದಕ್ಕೆ ಸರಿಯಾಗಿ ಉಲ್ಟಾ!

1970ರ ಸೆಪ್ಟೆಂಬರ್ 4. ಅಧ್ಯಕ್ಷೀಯ ಚುನಾವಣೆ. ಸಮಾಜವಾದಿ ಸಾಲ್ವಡಾರ್ ಅಯೆಂದೆ ಮೂರು ಬಾರಿ ಸೋತು ನಾಲ್ಕನೇ ಸಲ ನಿಂತಿದ್ದರು. ವೃತ್ತಿಯಿಂದ ವೈದ್ಯರು. ಸಿಕ್ಕ ಮತ ಶೇ. 36 ಚಿಲ್ಲರೆ, ಎರಡನೇ ಸ್ಥಾನದವರಿಗಿಂತ ಒಂದೂವರೆ ಪರ್ಸೆಂಟ್ ಕೂಡ ಹೆಚ್ಚಿಲ್ಲ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲ ಇಬ್ಬರಲ್ಲಿ ಒಬ್ಬರನ್ನ ಸಂಸತ್ತು ಆರಿಸಬೇಕು ಅನ್ನೋದು ಸಂವಿಧಾನದ ನಿಯಮ. ಆ ವೋಟಿಂಗ್ ಅಕ್ಟೋಬರ್ 24ಕ್ಕೆ ನಿಗದಿ. ಅದಕ್ಕೆ ಎರಡು ದಿನ ಮುಂಚೆ ಸೇನಾ ಮುಖ್ಯಸ್ಥ ಜನರಲ್ ರೆನೆ ಶ್ನೈಡರ್ ಮೇಲೆ ಗುಂಡಿನ ದಾಳಿ ಆಯ್ತು. ಅವರು ಮಾಡಿದ್ದ ತಪ್ಪು? ಸೇನೆ ಸಂವಿಧಾನದ ಪರ ಇರುತ್ತೆ, ರಾಜಕೀಯಕ್ಕೆ ಕೈ ಹಾಕಲ್ಲ ಅಂತ ಹೇಳಿದ್ದು. ಅವರು ತೀರಿಕೊಂಡರು. ಆದರೆ ಸಂಸತ್ತು ಹೆದರಲಿಲ್ಲ. 153 ಮತ ಅಯೆಂದೆಗೆ, 35 ಎದುರಾಳಿಗೆ.

ಅಯೆಂದೆ ಏನು ಮಾಡಿದರು? ಚಿಲಿಯ ರಫ್ತು ಆದಾಯದ ಮುಕ್ಕಾಲು ಪಾಲು ತಾಮ್ರದಿಂದ. ದೊಡ್ಡ ಗಣಿಗಳು ಅನಕೊಂಡ, ಕೆನೆಕಾಟ್ ಅನ್ನೋ ಅಮೆರಿಕನ್ ಕಂಪನಿಗಳ ಹಿಡಿತದಲ್ಲಿ ಬೆಳೆದಿದ್ದವು. 1971ರ ಜುಲೈನಲ್ಲಿ ಅವುಗಳ ರಾಷ್ಟ್ರೀಕರಣಕ್ಕೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಸರ್ವಾನುಮತದಿಂದ! ಬಲಪಂಥೀಯರೂ ಕೈ ಎತ್ತಿದರು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅದೇ ವರ್ಷ ಸಂಬಳ ಏರಿಸಿದರು, ಬೆಲೆಗಳನ್ನ ಕಟ್ಟಿಹಾಕಿದರು. ಮೊದಲ ವರ್ಷ ಹಬ್ಬದ ವಾತಾವರಣ. ಆಮೇಲೆ ಶುರುವಾಯ್ತು ನೋಡಿ. ಖರ್ಚಿಗೆ ದುಡ್ಡಿಲ್ಲ ಅಂತ ನೋಟು ಮುದ್ರಿಸಿದರು. ಸರ್ಕಾರದ ಕೊರತೆ ಜಿಡಿಪಿಯ ಶೇ. 20 ದಾಟಿತು. ಅಂಗಡಿಯಲ್ಲಿ ಸಾಮಾನಿಲ್ಲ, ಕಾಳಸಂತೆಯಲ್ಲಿ ಎಲ್ಲಾ ಇದೆ. 1973ರಲ್ಲಿ ಹಣದುಬ್ಬರ ಶೇ. 500 ದಾಟಿತು. ಅಮೆರಿಕದ ಕೈವಾಡ ಇತ್ತಾ? ಖಂಡಿತ ಇತ್ತು. ಅಯೆಂದೆ ವಿರುದ್ಧದ ಗುಪ್ತ ಕಾರ್ಯಾಚರಣೆಗೆ 80 ಲಕ್ಷ ಡಾಲರ್ ಆಸುಪಾಸು ಹೋಗಿದ್ದು ಅಮೆರಿಕದ ಸೆನೆಟ್ ಸಮಿತಿಯೇ 1975ರಲ್ಲಿ ಹೊರಹಾಕಿದ ಸತ್ಯ. ಆದರೆ ನೋಟು ಮುದ್ರಿಸಿ ಅಂತ ಸಿಐಎ ಹೇಳಿರಲಿಲ್ಲ. ಆ ಪಾಲು ಅಯೆಂದೆ ಸರ್ಕಾರದ್ದೇ.

ಇಲ್ಲಿ ಇಂಜಿನಿಯರಿಂಗ್ ಓದಿದವನ ಚಪಲಕ್ಕೆ ಒಂದು ವಿಷಯ ಹೇಳಿಬಿಡ್ತೀನಿ. ನೂರಾರು ಸರ್ಕಾರಿ ಕಾರ್ಖಾನೆಗಳನ್ನ ನಡೆಸೋದು ಹೇಗೆ ಅಂತ ತಲೆಕೆಡಿಸಿಕೊಂಡ ಚಿಲಿ, ಬ್ರಿಟನ್‌ನಿಂದ ಸ್ಟಾಫರ್ಡ್ ಬಿಯರ್ ಅನ್ನೋ ತಜ್ಞರನ್ನ ಕರೆಸಿಕೊಂಡಿತು. ಯೋಜನೆಯ ಹೆಸರು ಸೈಬರ್‌ಸಿನ್. ಹಿಂದಿನ ಸರ್ಕಾರ ಖರೀದಿಸಿ ಗೋಡೌನ್‌ನಲ್ಲಿ ಬಿಟ್ಟಿದ್ದ ಸುಮಾರು 500 ಟೆಲೆಕ್ಸ್ ಯಂತ್ರಗಳನ್ನ ಕಾರ್ಖಾನೆಗಳಲ್ಲಿ ಕೂರಿಸೋದು, ದಿನದ ಉತ್ಪಾದನೆಯ ಲೆಕ್ಕ ರಾಜಧಾನಿ ಸ್ಯಾಂಟಿಯಾಗೊದ ಕಂಪ್ಯೂಟರ್‌ಗೆ ತರಿಸೋದು. ಷಟ್ಕೋನಾಕಾರದ ಕೋಣೆ, ಅದರಲ್ಲಿ ಗುಂಡಿಗಳಿರುವ ಏಳು ತಿರುಗುವ ಕುರ್ಚಿ. ಫೋಟೋ ನೋಡಿದರೆ ಸೈನ್ಸ್ ಫಿಕ್ಷನ್ ಸಿನಿಮಾ ಸೆಟ್ ಅನ್ನಬೇಕು. ಇಂಟರ್ನೆಟ್ ಅನ್ನೋ ಪದವೇ ಜನಕ್ಕೆ ಗೊತ್ತಿಲ್ಲದ ಕಾಲ ಸ್ವಾಮಿ! 1972ರ ಅಕ್ಟೋಬರ್‌ನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿ ದೇಶವನ್ನೇ ನಿಲ್ಲಿಸಿದಾಗ, ಇದೇ ಟೆಲೆಕ್ಸ್ ಜಾಲ ಹಿಡಿದು, ಸುಮಾರು 200 ಲಾರಿಗಳಲ್ಲಿ ಆಹಾರ ಸಾಗಿಸಿ ಸರ್ಕಾರ ಉಸಿರು ಉಳಿಸಿಕೊಂಡಿತು.

ಸೈಬರ್‌ಸಿನ್ ಹಿಂದಿನ ತತ್ವ ತುಂಬಾ ಸರಳ. ನಿಮ್ಮ ಮನೆ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಳ್ಳಿ. ನೀರು ತುಂಬಿದ ತಕ್ಷಣ ಒಳಗಿನ ಸೆನ್ಸರ್ ಮೋಟರ್‌ಗೆ ಸುದ್ದಿ ಕೊಡುತ್ತೆ, ಮೋಟರ್ ನಿಲ್ಲುತ್ತೆ. ಆ ವೈರ್ ಕಟ್ ಆದರೆ ಮೋಟರ್ ಎಷ್ಟೇ ದುಬಾರಿಯದ್ದಾಗಿರಲಿ, ನೀರು ಚರಂಡಿ ಪಾಲು. ಇದಕ್ಕೆ ಫೀಡ್‌ಬ್ಯಾಕ್ ಅಂತೀವಿ. ಸರ್ಕಾರಕ್ಕೂ ಒಂದು ವೈರ್ ಇರುತ್ತೆ. ಚುನಾವಣೆ, ಸಂಸತ್ತು, ಪತ್ರಿಕೆ, ಯೂನಿಯನ್, ಬೀದಿಯಲ್ಲಿ ಪಾತ್ರೆ ಬಡಿಯುವ ಗೃಹಿಣಿಯರು, ಎಲ್ಲಾ ಅದರೊಳಗಿನ ಎಳೆಗಳು. ಅಯೆಂದೆ ಕಾಲದಲ್ಲಿ ಮೋಟರ್ ಕೆಟ್ಟಿತ್ತು ನಿಜ. ವೈರ್ ಕೆಲಸ ಮಾಡ್ತಿತ್ತು. 1973ರ ಮಾರ್ಚ್‌ನಲ್ಲಿ ಸಂಸತ್ ಚುನಾವಣೆ ಸಮಯಕ್ಕೆ ಸರಿಯಾಗಿ ನಡೆಯಿತು, ವಿರೋಧಿಗಳಿಗೇ ಹೆಚ್ಚು ಮತ ಬಿತ್ತು, ಅಯೆಂದೆ ಕೂಟಕ್ಕೆ ಶೇ. 43ರ ಆಸುಪಾಸು ಸಿಕ್ಕಿತು. ವಿರೋಧಿ ಪತ್ರಿಕೆಗಳು ದಿನಾ ಬೆಳಗ್ಗೆ ಅಧ್ಯಕ್ಷರನ್ನ ಬೈಯುತ್ತಲೇ ಇದ್ದವು.

ಆ ವೈರ್ ಕಟ್ ಆಗಿದ್ದು 1973ರ ಸೆಪ್ಟೆಂಬರ್ 11ರಂದು. ಅಧ್ಯಕ್ಷರ ಅರಮನೆ ಲಾ ಮೊನೆಡಾ ಮೇಲೆ ಚಿಲಿಯದೇ ವಾಯುಪಡೆ ಬಾಂಬ್ ಹಾಕಿತು. ವಿಮಾನ ಹಾಕರ್ ಹಂಟರ್. 1971ರಲ್ಲಿ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳನ್ನ ನಮ್ಮ ವಾಯುಪಡೆ ಉಡಾಯಿಸಿದ್ದು ಇದೇ ಮಾದರಿಯ ವಿಮಾನಗಳಿಂದ. ಶತ್ರುಗಳ ಮೇಲೆ ಹಾರಬೇಕಾದ ವಿಮಾನ ಅಲ್ಲಿ ತನ್ನದೇ ಅಧ್ಯಕ್ಷರ ಮೇಲೆ ಹಾರಿತು. ರೇಡಿಯೋದಲ್ಲಿ ಕೊನೆಯ ಮಾತು ಆಡಿದ ಅಯೆಂದೆ ಅರಮನೆಯೊಳಗೇ ಪ್ರಾಣ ಬಿಟ್ಟರು. ಅಧಿಕಾರ ಹಿಡಿದ ಜನರಲ್ ಆಗಸ್ಟೊ ಪಿನೋಶೆಯನ್ನ ಸೇನಾ ಮುಖ್ಯಸ್ಥರನ್ನಾಗಿ ಮಾಡಿದ್ದು ಸ್ವತಃ ಅಯೆಂದೆ. ನೇಮಕವಾಗಿ ಮೂರು ವಾರ ಕೂಡ ಆಗಿರಲಿಲ್ಲ.

ಸಂಸತ್ತು ಬಂದ್. ಪಕ್ಷಗಳು ಬಂದ್. ಯೂನಿಯನ್‌ಗಳ ಒಕ್ಕೂಟ ಬಂದ್. ಫುಟ್‌ಬಾಲ್ ಸ್ಟೇಡಿಯಂ ಜೈಲಾಯಿತು. ಮುಂದಿನ 17 ವರ್ಷಗಳಲ್ಲಿ ಸತ್ತವರು, ನಾಪತ್ತೆಯಾದವರು 3,000ಕ್ಕೂ ಹೆಚ್ಚು ಅಂತ ಆಮೇಲೆ ಬಂದ ಸರ್ಕಾರಗಳೇ ಅಧಿಕೃತವಾಗಿ ಒಪ್ಪಿಕೊಂಡಿವೆ. ಚಿತ್ರಹಿಂಸೆ ಅನುಭವಿಸಿದವರು ಹತ್ತಾರು ಸಾವಿರ.

ಈಗ ಬನ್ನಿ ಆರ್ಥಿಕತೆಗೆ. ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯ ಮತ್ತು ಸ್ಯಾಂಟಿಯಾಗೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ನಡುವೆ 1956ರಲ್ಲಿ ಒಂದು ಒಪ್ಪಂದ ಆಗಿತ್ತು. ಅದರಡಿ ಹೋಗಿ ಓದಿ ಬಂದ ಹುಡುಗರಿಗೆ ‘ಶಿಕಾಗೊ ಬಾಯ್ಸ್’ ಅಂತ ಹೆಸರು. ಅಯೆಂದೆ ಕಾಲದಲ್ಲೇ ಅವರು ಒಂದು ದಪ್ಪ ಯೋಜನೆ ಬರೆದಿಟ್ಟಿದ್ದರು. ಗಾತ್ರ ನೋಡಿ ಅದಕ್ಕೆ ಬಿದ್ದ ಅಡ್ಡಹೆಸರು ‘ಇಟ್ಟಿಗೆ’. ಕ್ಷಿಪ್ರಕ್ರಾಂತಿಯ ಮರುದಿನದ ಹೊತ್ತಿಗೆ ಆ ಇಟ್ಟಿಗೆ ಸೇನಾಧಿಕಾರಿಗಳ ಮೇಜಿನ ಮೇಲಿತ್ತು. ಬೆಲೆ ನಿಯಂತ್ರಣ ತೆಗೀರಿ, ಆಮದು ಸುಂಕ ಇಳಿಸಿ, ಸರ್ಕಾರಿ ಕಂಪನಿ ಮಾರಿ. ಈ ಇಟ್ಟಿಗೆಯನ್ನ ಜನರ ಮುಂದೆ ಚುನಾವಣಾ ಪ್ರಣಾಳಿಕೆಯಾಗಿ ಇಟ್ಟಿದ್ದರೆ ಗೆಲ್ಲುತ್ತಿತ್ತಾ? ಗೆಲ್ಲಿಸೋಕೆ ಯಾರೂ ಪ್ರಯತ್ನವನ್ನೇ ಮಾಡಲಿಲ್ಲ, ಅದರ ಅಗತ್ಯವೇ ಬೀಳಲಿಲ್ಲ.

1975ರ ಮಾರ್ಚ್‌ನಲ್ಲಿ ಶಿಕಾಗೊದ ಗುರು ಮಿಲ್ಟನ್ ಫ್ರೀಡ್‌ಮನ್ ಚಿಲಿಗೆ ಬಂದು ಪಿನೋಶೆಯನ್ನ ಭೇಟಿಯಾದರು. ಸಲಹೆ: ಶಾಕ್ ಟ್ರೀಟ್‌ಮೆಂಟ್. ಸರ್ಕಾರದ ಖರ್ಚಿಗೆ ಕತ್ತರಿ ಬಿತ್ತು. ಆ ಒಂದೇ ವರ್ಷ ಜಿಡಿಪಿ ಶೇ. 13ರಷ್ಟು ಕುಸಿಯಿತು. ಹಣದುಬ್ಬರ ಇಳೀತಾ? ಇಳೀತು. ನಿಧಾನಕ್ಕೆ ಇಳಿದು 1981ರಲ್ಲಿ ಒಂದಂಕಿಗೆ ಬಂತು. ಇದನ್ನ ಮುಚ್ಚಿಡಬೇಕಾಗಿಲ್ಲ.

ತಮಾಷೆ ಏನು ಗೊತ್ತಾ? ಇದೇ ಫ್ರೀಡ್‌ಮನ್ 1955ರಲ್ಲಿ ಭಾರತ ಸರ್ಕಾರಕ್ಕೂ ಒಂದು ಟಿಪ್ಪಣಿ ಬರೆದುಕೊಟ್ಟಿದ್ದರು. ಅದೇ ವರ್ಷ ಎರಡನೇ ಪಂಚವಾರ್ಷಿಕ ಯೋಜನೆಗಾಗಿ ರಚಿಸಿದ್ದ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ ಒಬ್ಬರೇ ಒಬ್ಬರು ಎದ್ದು ನಿಂತು ಭಿನ್ನಮತದ ಟಿಪ್ಪಣಿ ಬರೆದರು. ಬಿ.ಆರ್. ಶೆಣೈ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯವರು. ಇಷ್ಟೊಂದು ಕೊರತೆ ಹಣಕಾಸು ಬೇಡ, ಇಷ್ಟೊಂದು ನಿಯಂತ್ರಣ ಬೇಡ, ಇದು ಪ್ರಜಾಪ್ರಭುತ್ವಕ್ಕೂ ಒಳ್ಳೇದಲ್ಲ ಅಂತ ಅವರ ವಾದ. ನೆಹರೂ ಸರ್ಕಾರ ಕೇಳಲಿಲ್ಲ. ಆದರೆ ಶೆಣೈ ಅವರಿಗೆ ಏನಾಯ್ತು? ಗುಜರಾತ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿಕೊಂಡು, ಸರ್ಕಾರದ ನೀತಿಯನ್ನ ಟೀಕಿಸುತ್ತಾ ಬರೆದುಕೊಂಡು ಬದುಕಿದರು.

ಚಿಲಿಯಲ್ಲಿ ಶೆಣೈ ಥರದ ಕೆಲಸ ಮಾಡಿದವರು ಓರ್ಲಾಂಡೊ ಲೆಟೆಲಿಯರ್. ಅಯೆಂದೆ ಸಂಪುಟದಲ್ಲಿ ಮಂತ್ರಿಯಾಗಿದ್ದವರು, ದೇಶಭ್ರಷ್ಟರಾಗಿ ವಾಷಿಂಗ್ಟನ್‌ನಲ್ಲಿದ್ದರು. 1976ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಒಂದು ವಾರಪತ್ರಿಕೆಯಲ್ಲಿ ಅವರ ಲೇಖನ ಬಂತು. ಈ ಆರ್ಥಿಕ ನೀತಿಯನ್ನ ಜಾರಿ ಮಾಡೋಕೆ ಈ ದಬ್ಬಾಳಿಕೆ ಬೇಕೇ ಬೇಕು, ಎರಡೂ ಬೇರೆಬೇರೆ ಅಲ್ಲ ಅಂತ ಬರೆದಿದ್ದರು. ಒಂದು ತಿಂಗಳೂ ಆಗಿರಲಿಲ್ಲ, ಸೆಪ್ಟೆಂಬರ್ 21ರಂದು ವಾಷಿಂಗ್ಟನ್ ನಡುಬೀದಿಯಲ್ಲಿ ಅವರ ಕಾರು ಸ್ಫೋಟವಾಯಿತು. ಬಾಂಬ್ ಇಟ್ಟಿಸಿದ್ದು ಪಿನೋಶೆಯ ಗುಪ್ತಚರ ಸಂಸ್ಥೆ. ಜೊತೆಯಲ್ಲಿದ್ದ ಅಮೆರಿಕನ್ ಸಹೋದ್ಯೋಗಿಯೂ ಸತ್ತರು.

ಲೆಟೆಲಿಯರ್ ವಾದವನ್ನ ನಾನು ಪೂರ್ತಿ ಒಪ್ಪಲ್ಲ. ಮಾರುಕಟ್ಟೆ ತರೋಕೆ ಬಂದೂಕು ಬೇಕೇ ಬೇಕು ಅನ್ನೋದಾದರೆ 1991ರಲ್ಲಿ ಭಾರತದಲ್ಲಿ ಆಗಿದ್ದೇನು? ಬಹುಮತವೇ ಇಲ್ಲದ ನರಸಿಂಹರಾವ್ ಸರ್ಕಾರ, ಗದ್ದಲದ ಸಂಸತ್ತಿನ ಎದುರು ನಿಂತು ಲೈಸೆನ್ಸ್ ರಾಜ್‌ಗೆ ಕೊಡಲಿ ಹಾಕಿತು. ಒಬ್ಬ ಎದುರಾಳಿ ಅರ್ಥಶಾಸ್ತ್ರಜ್ಞನನ್ನೂ ಕೊಲ್ಲಬೇಕಾಗಿ ಬರಲಿಲ್ಲ. ಹಾಗಾಗಿ ‘ಕಠಿಣ ಸುಧಾರಣೆಗೆ ಕಠಿಣ ಮನುಷ್ಯ ಬೇಕು’ ಅನ್ನೋ ವಾದ ನಮ್ಮ ಮಣ್ಣಲ್ಲೇ ಸುಳ್ಳಾಗಿದೆ. ಸಿಂಗಾಪುರದ ಹೆಸರು ಹೇಳುವ ವೀಕ್ಷಕರು ಫಿಲಿಪ್ಪೀನ್ಸ್‌ನ ಮಾರ್ಕೋಸ್ ಹೆಸರನ್ನೂ, ಜೈರ್‌ನ ಮೊಬುಟು ಹೆಸರನ್ನೂ ಹೇಳಬೇಕಲ್ವಾ? ಲಾಟರಿ ಹೊಡೆದವನ ಫೋಟೋ ಮಾತ್ರ ಅಂಗಡಿ ಮುಂದೆ ಹಾಕ್ತಾರೆ.

ವೈರ್ ಕಟ್ ಆದ ಮೇಲೆ ಮೋಟರ್ ಗತಿ ಏನಾಯ್ತು ನೋಡೋಣ. 1979ರಲ್ಲಿ ಒಂದು ಡಾಲರ್‌ಗೆ 39 ಪೆಸೊ ಅಂತ ಸರ್ಕಾರ ದರವನ್ನ ಮೊಳೆ ಹೊಡೆದು ನಿಲ್ಲಿಸಿತು. ಡಾಲರ್ ಅಗ್ಗ, ವಿದೇಶಿ ಟಿವಿ ಅಗ್ಗ, ಕಾರು ಅಗ್ಗ. ಬ್ಯಾಂಕ್‌ಗಳು ವಿದೇಶದಿಂದ ಡಾಲರ್ ಸಾಲ ತಂದವು. ಆ ಬ್ಯಾಂಕ್‌ಗಳ ಮಾಲೀಕರೇ ತಮ್ಮ ಕಂಪನಿಗಳಿಗೆ ಆ ಹಣವನ್ನ ಸಾಲ ಕೊಟ್ಟುಕೊಂಡರು. ಸ್ಥಳೀಯ ಕಾರ್ಖಾನೆಗಳಿಗೆ ಬೀಗ ಬೀಳ್ತಾ ಬಂತು. ಎಚ್ಚರಿಸಬೇಕಾದವರು ಯಾರು? ಸಂಸತ್ತಿಲ್ಲ. ಪತ್ರಿಕೆಗೆ ಸೆನ್ಸಾರ್. ಸರ್ಕಾರಿ ನೌಕರರ ಸಂಘದ ನಾಯಕ ಟುಕಾಪೆಲ್ ಹಿಮೆನೆಸ್ ಆರ್ಥಿಕ ನೀತಿಯ ವಿರುದ್ಧ ಯೂನಿಯನ್‌ಗಳನ್ನ ಒಗ್ಗೂಡಿಸಲು ಹೊರಟರು. 1982ರ ಫೆಬ್ರವರಿಯಲ್ಲಿ ಅವರ ಕೊಲೆಯಾಯಿತು.

ಅದೇ ವರ್ಷ ಜೂನ್‌ನಲ್ಲಿ ಮೊಳೆ ಕಿತ್ತುಬಂತು. ಪೆಸೊ ಬಿತ್ತು, ಡಾಲರ್ ಸಾಲ ತಂದವರೆಲ್ಲಾ ಮುಳುಗಿದರು. ಜಿಡಿಪಿ ಸುಮಾರು ಶೇ. 14 ಕುಸಿಯಿತು. ಸರ್ಕಾರದ ತುರ್ತು ಕೂಲಿ ಕೆಲಸದಲ್ಲಿದ್ದವರನ್ನೂ ಸೇರಿಸಿದರೆ 1983ರಲ್ಲಿ ದುಡಿಯುವವರಲ್ಲಿ ಹತ್ತರಲ್ಲಿ ಮೂರು ಜನ ನಿರುದ್ಯೋಗಿಗಳು. 1983ರ ಜನವರಿಯಲ್ಲಿ ಪಿನೋಶೆ ಸರ್ಕಾರ ದೊಡ್ಡ ದೊಡ್ಡ ಖಾಸಗಿ ಬ್ಯಾಂಕ್‌ಗಳನ್ನ ತಾನೇ ವಶಕ್ಕೆ ತೆಗೆದುಕೊಂಡಿತು. ‘ಸಮಾಜವಾದಕ್ಕೆ ಶಿಕಾಗೊ ದಾರಿ’ ಅಂತ ಜನ ಆಡಿಕೊಂಡರು. ಅದೇ ವರ್ಷ ಮೇನಲ್ಲಿ ತಾಮ್ರದ ಗಣಿ ಕಾರ್ಮಿಕರ ಕರೆಯ ಮೇಲೆ ಇಡೀ ನಗರ ಪಾತ್ರೆ ಬಡಿಯಿತು. ಹತ್ತು ವರ್ಷದ ಮೌನ ಒಡೆಯಿತು. ಬಿಸಿ ತಟ್ಟಿದ ಮೇಲೆ ಸರ್ಕಾರ ಸುಂಕ ಏರಿಸಿತು, ಬ್ಯಾಂಕ್‌ಗಳಿಗೆ ಮೂಗುದಾರ ಹಾಕಿತು. ‘ಚಿಲಿಯ ಪವಾಡ’ ಅಂತ ಹೊಗಳೋರು ತೋರಿಸುವ ಒಳ್ಳೆಯ ಬೆಳವಣಿಗೆ ಶುರುವಾಗಿದ್ದು ಈ ತಿದ್ದುಪಡಿಯ ನಂತರ.

ಈಗ ತಾಮ್ರ. ಎಲ್ಲವನ್ನೂ ಮಾರಿದ ಪಿನೋಶೆ, ಅಯೆಂದೆ ರಾಷ್ಟ್ರೀಕರಿಸಿದ ಆ ದೊಡ್ಡ ಗಣಿಗಳನ್ನ ಮಾರಿದ್ದರಾ? ಇಲ್ಲ! 1976ರಲ್ಲಿ ಕೊಡೆಲ್ಕೊ ಅನ್ನೋ ಸರ್ಕಾರಿ ಕಂಪನಿ ಮಾಡಿ ಭದ್ರವಾಗಿಟ್ಟುಕೊಂಡರು. ಯಾಕೆ ಅಂದ್ರೆ ಆ ಕಂಪನಿಯ ತಾಮ್ರ ರಫ್ತಿನ ಶೇ. 10 ನೇರವಾಗಿ ಸೇನೆಯ ಶಸ್ತ್ರಾಸ್ತ್ರ ಖರೀದಿಗೆ ಹೋಗುತ್ತಿತ್ತು.

ಪಿಂಚಣಿ ಕಥೆಯೂ ಅದೇ. 1981ರ ಮೇನಿಂದ ಹಳೆಯ ಪಿಂಚಣಿ ವ್ಯವಸ್ಥೆ ಹೋಗಿ, ನೌಕರನ ಸಂಬಳದ ಶೇ. 10 ಖಾಸಗಿ ಫಂಡ್ ಕಂಪನಿಯ ವೈಯಕ್ತಿಕ ಖಾತೆಗೆ ಬೀಳುವ ವ್ಯವಸ್ಥೆ ಬಂತು. ಕೆಲಸ ಕೊಟ್ಟವನ ಪಾಲು ಇಲ್ಲ. ಮಾರುಕಟ್ಟೆ ಏರಿದರೆ ನಿಮ್ಮ ಪಿಂಚಣಿ ಏರುತ್ತೆ, ಇಳಿದರೆ ನಿಮ್ಮ ಹಣೆಬರಹ. ಇಡೀ ಜಗತ್ತು ಇದನ್ನ ಮಾದರಿ ಅಂತ ಕೊಂಡಾಡಿತು. ಆದರೆ ಇದನ್ನ ತಂದ ಸೇನೆ ಮಾತ್ರ ಇದರಿಂದ ಹೊರಗೆ ಉಳಿಯಿತು. ಅವರಿಗೆ ಹಳೇ ಪಿಂಚಣಿಯೇ! ಎನ್‌ಪಿಎಸ್ ವಿರುದ್ಧ ಫ್ರೀಡಂ ಪಾರ್ಕ್‌ನಲ್ಲಿ ಕೂತ, 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದ ನಮ್ಮ ರಾಜ್ಯ ಸರ್ಕಾರಿ ನೌಕರರಿಗೆ ಈ ಖಾತೆ ಲೆಕ್ಕ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಸರ್ಕಾರವೂ ಪಾಲು ಹಾಕುತ್ತೆ, ಅದೊಂದು ವ್ಯತ್ಯಾಸ. ಇನ್ನೊಂದು ದೊಡ್ಡ ವ್ಯತ್ಯಾಸ, ಇಲ್ಲಿ ಬೋರ್ಡ್ ಹಿಡಿದು ಕೂತು ಸರ್ಕಾರವನ್ನ ಬೈದು ಸಂಜೆ ಮನೆಗೆ ಹೋಗಬಹುದು.

ಪಿನೋಶೆ ಹೋಗಿದ್ದು ಹೇಗೆ? ಟಿವಿಯವನಾಗಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ತಾನೇ ಬರೆಸಿದ 1980ರ ಸಂವಿಧಾನದ ಪ್ರಕಾರ 1988ರ ಅಕ್ಟೋಬರ್ 5ರಂದು ಜನಮತಗಣನೆ ನಡೆಸಬೇಕಿತ್ತು. ಪಿನೋಶೆ ಇನ್ನೂ ಎಂಟು ವರ್ಷ ಇರಲಿ: ಹೌದು ಅಥವಾ ಇಲ್ಲ. ಎರಡೂ ಕಡೆಗೂ ದಿನಕ್ಕೆ 15 ನಿಮಿಷ ಟಿವಿ ಸಮಯ, ಒಟ್ಟು 27 ದಿನ, ಅದೂ ಜನ ಮಲಗೋ ಹೊತ್ತಿಗೆ. ಯಾರು ನೋಡ್ತಾರೆ ಅನ್ನೋ ಲೆಕ್ಕಾಚಾರ. ಇಡೀ ದೇಶ ಎದ್ದು ಕೂತು ನೋಡಿತು. ‘ಇಲ್ಲ’ ಬಣದವರು ಬರೀ ರಕ್ತದ ಕಥೆ ಹೇಳಲಿಲ್ಲ. ಕಾಮನಬಿಲ್ಲಿನ ಚಿಹ್ನೆ, ಹಾಸ್ಯ, ಸಂಗೀತ, ನಾಳೆಯ ದಿನ ಚೆನ್ನಾಗಿರುತ್ತೆ ಅನ್ನೋ ಭರವಸೆ. ನಡುವೆ ಒಂದು ದೃಶ್ಯ. ಜೋಡಿಯಾಗಿ ಕುಣಿಯಬೇಕಾದ ಅವರ ರಾಷ್ಟ್ರೀಯ ನೃತ್ಯವನ್ನ, ನಾಪತ್ತೆಯಾದವರ ಮನೆಯ ಹೆಣ್ಣುಮಗಳು ಒಬ್ಬಳೇ ಕುಣಿಯುತ್ತಾಳೆ. ಒಂದು ಗಂಟೆ ಡಿಬೇಟ್ ಮಾಡಿದರೂ ಇಷ್ಟು ಹೇಳೋಕಾಗಲ್ಲ. ‘ಇಲ್ಲ’ಕ್ಕೆ ಶೇ. 55ರ ಆಸುಪಾಸು ಮತ ಬಿತ್ತು.

ಇಲ್ಲಿ ಪ್ಯಾನಲಿಸ್ಟ್‌ಗಳು ಹೇಳ್ತಾರೆ, ನೋಡಿ, ಮಾರುಕಟ್ಟೆ ಬಂತು, ಹಿಂದೆಯೇ ಪ್ರಜಾಪ್ರಭುತ್ವ ಬಂತು ಅಂತ. ಅಲ್ಲ ಸ್ವಾಮಿ. ಚಿಲಿಯಲ್ಲಿ 1932ರಿಂದ 1973ರವರೆಗೆ ಚುನಾಯಿತ ಸರ್ಕಾರಗಳು ಒಂದರ ಹಿಂದೊಂದು ಬಂದಿದ್ದವು. ಅವರು ಪಡೆದುಕೊಂಡಿದ್ದು ಕಸಿದುಕೊಂಡಿದ್ದನ್ನೇ. ಅದೂ ಮುಕ್ತ ಮಾರುಕಟ್ಟೆ ದಯಪಾಲಿಸಿದ್ದಲ್ಲ, ಪಾತ್ರೆ ಬಡಿದವರು, ಸರತಿಯಲ್ಲಿ ನಿಂತು ಮತ ಹಾಕಿದವರು ವಾಪಸ್ ತಂದಿದ್ದು. ಆ ವೈರ್ ಮತ್ತೆ ಜೋಡಿಸಿದ ಮೇಲಿನ ಫಲಿತಾಂಶ ನೋಡಿ. 1990ರಲ್ಲಿ ಬಂದ ಚುನಾಯಿತ ಸರ್ಕಾರ ಮಾರುಕಟ್ಟೆಯನ್ನ ಕಿತ್ತೆಸೆಯಲಿಲ್ಲ. ತೆರಿಗೆ ಏರಿಸಿ ಬಡವರಿಗೆ ಖರ್ಚು ಮಾಡಿತು. ವಿದೇಶದಿಂದ ದಿಢೀರ್ ಬಂದು ದಿಢೀರ್ ಹೋಗುವ ಹಣಕ್ಕೆ ಕಡಿವಾಣ ಹಾಕಿತು, 1982ರ ಪಾಠ. 1990ರಲ್ಲಿ ಶೇ. 38ರ ಆಸುಪಾಸಿನಲ್ಲಿದ್ದ ಬಡತನ 2006ರ ಹೊತ್ತಿಗೆ ಶೇ. 14ಕ್ಕೆ ಇಳಿಯಿತು. ಅದೇ ಮಾರುಕಟ್ಟೆ, ಬೇರೆ ಸರ್ಕಾರ.

ಹಾಗಂತ ಎಲ್ಲಾ ಸುಖಾಂತ್ಯ ಅಂದುಕೊಳ್ಳಬೇಡಿ. ಪಿನೋಶೆ 1998ರವರೆಗೆ ಸೇನಾ ಮುಖ್ಯಸ್ಥರಾಗೇ ಇದ್ದರು, ಆಮೇಲೆ ಆಜೀವ ಸೆನೆಟರ್. ಅವರ ಸಂವಿಧಾನ ತೇಪೆ ಹಚ್ಚಿಕೊಂಡು ಉಳಿಯಿತು. ಬಂದೂಕಿನ ನೆರಳಲ್ಲಿ ಬರೆದ ಪಿಂಚಣಿ, ಶಾಲೆ, ನೀರಿನ ಕಾನೂನುಗಳೂ ಉಳಿದವು. ಅವು ಒಳ್ಳೆಯವೋ ಕೆಟ್ಟವೋ ಅನ್ನೋದು ಆಮೇಲಿನ ಮಾತು, ಅವುಗಳ ಬಗ್ಗೆ ನಮ್ಮನ್ನ ಯಾರೂ ಕೇಳಲೇ ಇಲ್ಲ ಅನ್ನೋ ಸಿಟ್ಟು ಜನರಲ್ಲಿ ಕೂತೇ ಇತ್ತು. 2019ರ ಅಕ್ಟೋಬರ್‌ನಲ್ಲಿ ಸ್ಯಾಂಟಿಯಾಗೊ ಮೆಟ್ರೋ ದರ 30 ಪೆಸೊ ಏರಿತು. ನಮ್ಮ ಲೆಕ್ಕದಲ್ಲಿ ಮೂರು ರೂಪಾಯಿ ಆಚೀಚೆ. ಅಷ್ಟಕ್ಕೇ ದೇಶ ಹೊತ್ತಿ ಉರಿಯಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ರಾಜಧಾನಿಯಲ್ಲಿ ಬೀದಿಗಿಳಿದರು. ಇದು 30 ಪೆಸೊ ವಿಷಯ ಅಲ್ಲ, 30 ವರ್ಷದ ವಿಷಯ ಅನ್ನೋದು ಅವರ ಘೋಷಣೆ.

2020ರಲ್ಲಿ ಶೇ. 78 ಜನ ಹೊಸ ಸಂವಿಧಾನ ಬೇಕು ಅಂದರು. ಎಡಪಂಥೀಯರ ಕೈ ಮೇಲಾಗಿದ್ದ ಕರಡು 2022ರಲ್ಲಿ ಬಂತು, ಶೇ. 62 ಜನ ಬೇಡ ಅಂದರು. ಬಲಪಂಥೀಯರ ಕೈ ಮೇಲಾಗಿದ್ದ ಕರಡು 2023ರ ಡಿಸೆಂಬರ್‌ನಲ್ಲಿ ಬಂತು, ಅದನ್ನೂ ಬೇಡ ಅಂದರು. ತಾಮ್ರದ ದುಡ್ಡನ್ನ ಸೇನೆಗೆ ಹರಿಸುತ್ತಿದ್ದ ಕಾನೂನು ಸಂಸತ್ತಿನಲ್ಲಿ ರದ್ದಾಗೋಕೆ 2019 ಬರಬೇಕಾಯ್ತು. ಕೆಲಸ ಕೊಟ್ಟವರೂ ಪಿಂಚಣಿಗೆ ಪಾಲು ಹಾಕಬೇಕು ಅನ್ನೋ ತಿದ್ದುಪಡಿ ಪಾಸಾಗಿದ್ದು 2025ರ ಜನವರಿಯಲ್ಲಿ, ಟ್ಯಾಂಕ್ ಬಂದು 51 ವರ್ಷಗಳಾದ ಮೇಲೆ. ಖಾಸಗಿ ಫಂಡ್ ಕಂಪನಿಗಳು ಹಾಗೇ ಇವೆ. ಸೇನೆಯವರ ಪಿಂಚಣಿ ಈಗಲೂ ಬೇರೆಯೇ ಇದೆ.